ಮಾಂಜ್ರಾ ದಂಡೆಯ ಮೈಕು



"ಈಗ ಎಲ್ಲಾ ಎಐ ಮಾಡ್ಲತ್ತದ್ರಿ. ನಮ್ಮ ಪಾಡ್‌ಕಾಸ್ಟ್ ಯಾರು ಕೇಳ್ತಾರ?" ಬೀದರಿನಲ್ಲಿ, ಭಾಲ್ಕಿಯಲ್ಲಿ, ಔರಾದಿನಲ್ಲಿ ಹುಡುಗ ಹುಡುಗಿಯರು ಹೀಗೆ ಕೇಳುವುದು ಮೇಲಿಂದ ಮೇಲೆ ನನ್ನ ಕಿವಿಗೆ ಬೀಳುತ್ತಿದೆ. ಪದವಿ ಮುಗಿಸಿ ನೌಕರಿಗೆ ಕಾಯುತ್ತಿರುವವರು, ಹಗಲೆಲ್ಲ ಹೊಲ ನೋಡಿಕೊಂಡು ಸಂಜೆ ಮೊಬೈಲಿನಲ್ಲಿ ಏನಾದರೂ ಒಳ್ಳೆಯದು ಮಾಡಬೇಕೆನ್ನುವವರು, ಮದುವೆಯಾಗಿ ಬಂದ ಊರಿನ ಹಾಡುಗಳನ್ನು ಉಳಿಸಬೇಕೆನ್ನುವ ಹೆಣ್ಣುಮಕ್ಕಳು. ಅಂಗಿಗೋ ಸೆರಗಿಗೋ ಸಿಕ್ಕಿಸುವ ಸಣ್ಣ ಮೈಕು ಅವರ ಕೈಗೆ ಬಂದಿದೆ. ಹೇಳುವ ಹುಮ್ಮಸ್ಸೂ ಇದೆ. ಆದರೆ ಶುರು ಮಾಡುವ ಮೊದಲೇ ಒಳಗೊಂದು ಅಳುಕು ಹೊಕ್ಕಿದೆ.

ಅಳುಕಿಗೆ ಕಾರಣವಿಲ್ಲ ಎಂದು ನಾನು ಹೇಳಲಾರೆ. ಅಮೆರಿಕದ ಇನ್‌ಸೆಪ್ಷನ್ ಪಾಯಿಂಟ್ ಎಐ ಎಂಬ ಸಂಸ್ಥೆಯ ಲೆಕ್ಕ 2025ರ ಸೆಪ್ಟೆಂಬರ್‌ನಲ್ಲಿ ಪತ್ರಿಕೆಗಳಲ್ಲಿ ಬಂತು. ಎಐಯಿಂದಲೇ ತಯಾರಾಗುವ ಪಾಡ್‌ಕಾಸ್ಟುಗಳು, ವಾರಕ್ಕೆ ಸುಮಾರು 3,000 ಸಂಚಿಕೆಗಳು. ಒಂದೊಂದಕ್ಕೆ ತಗಲುವ ಖರ್ಚು ಒಂದು ಡಾಲರ್ ಅಥವಾ ಅದಕ್ಕೂ ಕಡಿಮೆ. ಒಂದು ಸಂಚಿಕೆಯನ್ನು 20 ಮಂದಿ ಕೇಳಿದರೆ ಸಾಕು, ಜಾಹೀರಾತಿನಿಂದ ಖರ್ಚು ಕಳೆದು ಲಾಭ ಉಳಿಯುತ್ತದೆ ಎಂಬುದು ಅವರ ಗಣಿತ. ಗೂಗಲ್‌ನ ನೋಟ್‌ಬುಕ್ ಎಲ್‌ಎಂ ಎಂಬ ಸಾಧನವಂತೂ ನಾವು ಕೊಟ್ಟ ಕಾಗದಪತ್ರ ಓದಿ, ಇಬ್ಬರು ಗೆಳೆಯರು ಕುಳಿತು ಹರಟುವಂತೆ ಧ್ವನಿ ತಯಾರಿಸಿ ಕೊಡುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಇಂಗ್ಲಿಷಿನಲ್ಲಿ ಬಂದದ್ದು 2025ರ ಏಪ್ರಿಲ್ ಹೊತ್ತಿಗೆ 50ಕ್ಕೂ ಹೆಚ್ಚು ಭಾಷೆಗಳಿಗೆ ಹಬ್ಬಿತು. ಅದಕ್ಕೆ ಗಂಟಲು ಕಟ್ಟುವುದಿಲ್ಲ, ಕರೆಂಟು ಹೋದರೂ ನಡುವೆ ನಿಲ್ಲುವುದಿಲ್ಲ, ಬಸ್ಸು ತಪ್ಪುವುದಿಲ್ಲ. ಸಂಖ್ಯೆಯಲ್ಲಿ, ವೇಗದಲ್ಲಿ, ನುಣುಪಿನಲ್ಲಿ ಅದರ ಜೊತೆ ಪಣ ಕಟ್ಟಿದವರು ಸೋಲುತ್ತಾರೆ.

ಕೈಚೆಲ್ಲುವ ಮೊದಲು ಒಂದು ಸಂಗತಿ ವಿಚಾರಿಸೋಣ. ಯಂತ್ರ ತನ್ನ ಮಾತನ್ನು ಎಲ್ಲಿಂದ ತರುತ್ತದೆ? ಈಗಾಗಲೇ ಯಾರೋ ಬರೆದಿಟ್ಟದ್ದರಿಂದ, ಯಾರೋ ಮಾತಾಡಿ ಅಂತರ್ಜಾಲಕ್ಕೆ ಏರಿಸಿದ್ದರಿಂದ. ಬಹಮನಿ ಸುಲ್ತಾನ ಒಂದನೇ ಅಹ್ಮದ್ ಷಾ ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದದ್ದು, 1472ರಲ್ಲಿ ಮಹಮೂದ್ ಗವಾನ್ ಮದರಸಾ ಎದ್ದದ್ದು, ನೌಬಾದಿನ ನೆಲದಡಿಯ ಸುರಂಗ ಬಾವಿ, ಗುರುನಾನಕ್ ಝೀರಾದ ನೀರು, ಇವೆಲ್ಲದರ ಬಗ್ಗೆ ಪುಟಗಟ್ಟಲೆ ಬರಹ ಇದೆ. ಆದ್ದರಿಂದ "ಹತ್ತು ನಿಮಿಷದಲ್ಲಿ ಬೀದರ್ ಕೋಟೆಯ ಇತಿಹಾಸ" ಎಂದು ಅಂತರ್ಜಾಲದಿಂದ ಓದಿ ಹೇಳುವ ಸಂಚಿಕೆಯನ್ನು ನಮ್ಮ ಹುಡುಗರು ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಕೆಲಸ ಯಂತ್ರಕ್ಕೆ ಸುಲಭ, ನಮಗೆ ವ್ಯರ್ಥ. ಬರೆದಿಲ್ಲದ ಕಡೆಗೆ ಹೋಗಬೇಕು. ಬೀದರ್ ಜಿಲ್ಲೆಯಲ್ಲಿ ಬರೆದಿಲ್ಲದ್ದು ಬರೆದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದೆ.

ಬಿದರಿ ಕೆಲಸವನ್ನೇ ತೆಗೆದುಕೊಳ್ಳಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ, ಅರದಿಂದ ಉಜ್ಜಿ ನಯ ಮಾಡುತ್ತಾರೆ, ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡಿ ಅದರ ಮೇಲೆ ಬಳ್ಳಿ, ಹೂವು ಬರೆಯುತ್ತಾರೆ, ಚಾಣದಿಂದ ಕೊರೆದು ಆ ಗೀರಿನಲ್ಲಿ ಬೆಳ್ಳಿಯ ತಂತಿ ಕೂರಿಸುತ್ತಾರೆ. ಕೊನೆಗೆ ಕೋಟೆಯೊಳಗಿನ ಹಳೆಯ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ವಸ್ತುವಿಗೆ ತಿಕ್ಕಿದರೆ ಲೋಹವೆಲ್ಲ ಕಡುಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. 2006ರಲ್ಲಿ ಈ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. 2023ರಲ್ಲಿ ಬೀದರಿನ ಷಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಇಷ್ಟನ್ನು ಯಂತ್ರ ನನಗಿಂತ ಅಚ್ಚುಕಟ್ಟಾಗಿ ಹೇಳಬಲ್ಲದು, ಎಲ್ಲವೂ ಮುದ್ರಣದಲ್ಲಿದೆ.

ಈಗ ಬೀದರಿನ ಹಳೆಯ ಕಾವಲು ಗೋಪುರ ಚೌಬಾರಾದ ಹತ್ತಿರದ ಒಂದು ಅಂಗಡಿಯೊಳಗೆ ಮೈಕು ಹಿಡಿದು ಕೂರಿ. ಮೊದಲು ಏನೂ ಕೇಳಬೇಡಿ. ಅರ ಲೋಹದ ಮೇಲೆ ಓಡುವಾಗ ಹಲ್ಲು ಜುಮ್ಮೆನ್ನುವ ಸದ್ದು ಬರುತ್ತದೆ. ಚಾಣಕ್ಕೆ ಬೀಳುವ ಏಟು ಗಟ್ಟಿ, ಚುರುಕು. ಬೆಳ್ಳಿ ಕೂರಿಸುವಾಗ ಅದೇ ಕೈಯ ಏಟು ಮೆತ್ತಗಾಗುತ್ತದೆ, ಸದ್ದು ಒಳಗೆ ಹೋದಂತೆ ಕೇಳುತ್ತದೆ. ಈ ಎರಡು ಏಟುಗಳ ನಡುವಿನ ವ್ಯತ್ಯಾಸವನ್ನು ಕಿವಿಗೆ ಮುಟ್ಟಿಸಿದರೆ ಕೇಳುವವರು ಅಂಗಡಿಯೊಳಗೆ ಬಂದು ಕುಳಿತರೆಂದೇ ಅರ್ಥ. ಆಮೇಲೆ ಪ್ರಶ್ನೆ. ಬೆಳ್ಳಿಯ ದರ ಏರಿದಾಗ ನಿಮ್ಮ ಗೆರೆ ತೆಳುವಾಗುತ್ತದೆಯೆ? ಎಂಥ ಗಿರಾಕಿಗೆ ಇಲ್ಲ ಎಂದಿದ್ದೀರಿ? ಮಣ್ಣನ್ನು ನಾಲಿಗೆಗೆ ಮುಟ್ಟಿಸಿ ಪರೀಕ್ಷೆ ಮಾಡುತ್ತೀರಲ್ಲ, ಒಳ್ಳೆಯ ಮಣ್ಣಿನ ರುಚಿ ಹೇಗಿರುತ್ತದೆ? ನಿಮ್ಮ ಮಗ ಈ ಕೆಲಸಕ್ಕೆ ಕೂರುತ್ತಾನೆಯೆ? ಕೊನೆಯ ಪ್ರಶ್ನೆಗೆ ಉಸ್ತಾದ್ ಸುಮ್ಮನಾದರೆ ಆ ಮೌನವನ್ನು ಕತ್ತರಿಸಬೇಡಿ. ಕತ್ತರಿಸುವ ಅಭ್ಯಾಸವೇ ನಮ್ಮ ಧ್ವನಿಯನ್ನು ಯಂತ್ರದ ಧ್ವನಿಯ ಹತ್ತಿರ ಒಯ್ಯುತ್ತದೆ. ಇಂಥ ಉತ್ತರಗಳು ಯಾವ ಪುಟದಲ್ಲೂ ಇಲ್ಲ. ಹೋಗಿ ಕೇಳಿದವರ ಹತ್ತಿರ ಮಾತ್ರ ಇರುತ್ತವೆ.

ಇದು ಬರೀ ಆಸೆಯ ಮಾತಲ್ಲ. ಮಾಡಿ ತೋರಿಸಿದವರು ನಮ್ಮ ಮಗ್ಗುಲಲ್ಲೇ ಇದ್ದಾರೆ. ಬೀದರಿನಿಂದ ಜಹೀರಾಬಾದ್ ದಾರಿ ಹಿಡಿದು ಹೋದರೆ, ಅಲ್ಲಿಂದ ಸ್ವಲ್ಪ ದೂರದಲ್ಲಿ ಮಾಚನೂರು ಎಂಬ ಹಳ್ಳಿ. ಇಂದು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆ. 1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾಗುವವರೆಗೆ ಜಹೀರಾಬಾದ್ ತಾಲ್ಲೂಕು ಬೀದರ್ ಜಿಲ್ಲೆಯಲ್ಲೇ ಇತ್ತು, ಅಂದರೆ ನಾನು ಹೇಳುತ್ತಿರುವುದು ಪರದೇಶದ ಕತೆಯಲ್ಲ. ಆ ಸೀಮೆಯಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆಯ ಜೊತೆ ದುಡಿಯುವ ಬಡ ದಲಿತ ಹೆಣ್ಣುಮಕ್ಕಳ ಸಂಘಗಳಿವೆ. ಜೋಳ, ನವಣೆ, ಸಾವೆಗಳ ಬೀಜ ಉಳಿಸಿದ ಸಂಘಗಳು. ಮೈಸೂರಿನಲ್ಲಿ ಹುಟ್ಟಿ, ದೂರದರ್ಶನದಲ್ಲಿ ಕೆಲಸ ಮಾಡಿ, ಆಮೇಲೆ ಈ ಹಳ್ಳಿಗಳಿಗೆ ಬಂದು ನೆಲೆಸಿದ ಪಿ.ವಿ. ಸತೀಶ್ ಆ ಸಂಸ್ಥೆ ಕಟ್ಟಿದವರಲ್ಲಿ ಮುಖ್ಯರು, 2023ರಲ್ಲಿ ತೀರಿಕೊಂಡರು.

ಆ ಹೆಣ್ಣುಮಕ್ಕಳಿಗೆ 1990ರ ದಶಕದ ಕೊನೆಯಲ್ಲೇ ರೇಡಿಯೊ ಮಾಡುವ ಸಲಕರಣೆ ಸಿಕ್ಕಿತು. ಪ್ರಸಾರಕ್ಕೆ ಪರವಾನಗಿ ಸಿಗಲಿಲ್ಲ. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ರೇಡಿಯೊ ನಡೆಸಲು ಸರ್ಕಾರ ಅವಕಾಶ ಕೊಟ್ಟದ್ದು 2006ರಲ್ಲಿ. ಅಲ್ಲಿಯವರೆಗೆ ಅವರು ಕೈಕಟ್ಟಿ ಕೂರಲಿಲ್ಲ. ಬೀಜದ ಮಾತು, ದನದ ರೋಗದ ಮಾತು, ಬೀಸುವಾಗಿನ ಹಾಡು ಎಲ್ಲವನ್ನೂ ಕ್ಯಾಸೆಟ್ಟಿಗೆ ತುಂಬಿ ಸಂಘದ ಸಭೆಗಳಲ್ಲಿ ಟೇಪ್ ರೆಕಾರ್ಡರ್ ಹಚ್ಚಿ ಕೇಳಿಸಿದರು. ಇಂದು ನಾವು ವಾಟ್ಸ್‌ಆ್ಯಪ್ ಗುಂಪಿಗೆ ಧ್ವನಿ ಕಳಿಸುವ ರೀತಿ ಅದೇ ತಾನೆ! 2008ರ ಅಕ್ಟೋಬರ್ 15ರಂದು ಸಂಘಂ ರೇಡಿಯೊ ಗಾಳಿಗೆ ಬಂತು. ಉದ್ಘಾಟಿಸಿದವರು ನ್ಯಾಯಮೂರ್ತಿ ಪಿ.ಬಿ. ಸಾವಂತ್, ಬಾನುಲಿಯ ಅಲೆಗಳು ಜನರ ಸೊತ್ತು ಎಂದು 1995ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬರೆದವರು. ಕೇಂದ್ರ ನಡೆಸಿದವರು ಇಬ್ಬರು ನರಸಮ್ಮಂದಿರು, ಜನರಲ್ ನರಸಮ್ಮ ಮತ್ತು ಅಲ್ಗೋಲೆ ನರಸಮ್ಮ. ಹೈದರಾಬಾದಿನ ದೊಡ್ಡ ಕೇಂದ್ರಗಳ ಧ್ವನಿಯ ಜೊತೆ, ಸಿನಿಮಾ ಹಾಡಿನ ಜೊತೆ ಅವರು ಪೈಪೋಟಿಗೆ ಇಳಿಯಲೇ ಇಲ್ಲ. ತಮ್ಮೂರಿನ ತೆಲುಗಿನಲ್ಲಿ, ತಮ್ಮ ಹೊಲದ ಸಂಗತಿಯನ್ನು, ತಮ್ಮನ್ನು ಹೆಸರು ಹಿಡಿದು ಕರೆಯುವವರಿಗಾಗಿ ಹೇಳಿದರು. ದೊಡ್ಡ ಧ್ವನಿಗಳ ನಡುವೆ ಸಣ್ಣ ಧ್ವನಿ ಹೇಗೆ ನಿಲ್ಲುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ಗಟ್ಟಿ ಉತ್ತರ ನನಗೆ ಗೊತ್ತಿಲ್ಲ.

ಇನ್ನೂ ಹಿಂದೆ ಹೋದರೆ, ಆಕಾಶವಾಣಿ ಎಂಬ ಹೆಸರಿನ ಮೂಲದಲ್ಲೇ ಒಬ್ಬ ಸ್ವತಂತ್ರ ಪ್ರಸಾರಕ ಇದ್ದಾರೆ. ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು. ಸರ್ಕಾರ ಅದನ್ನು ವಹಿಸಿಕೊಂಡದ್ದು ವರ್ಷಗಳ ನಂತರ. ಮನೆಯ ಕೋಣೆಯಿಂದ ಊರಿಗೆ ಮಾತಾಡುವ ಪರಂಪರೆ ನಮಗೆ ಹೊಸದಲ್ಲ.

ಈಗ ನುಡಿಯ ಮಾತು. "ನಮ್ಮ ಬೀದರ್ ಕನ್ನಡ ಎಐಗೆ ಬರಂಗಿಲ್ಲ, ಅದೇ ನಮ್ಮ ಶಕ್ತಿ" ಎನ್ನುವವರಿದ್ದಾರೆ. ಇವತ್ತಿನ ಮಟ್ಟಿಗೆ ಅದು ಬಹುಪಾಲು ಖರೆ. ಯಂತ್ರದ ಕನ್ನಡ ಬೆಂಗಳೂರಿನ ವಾರ್ತಾವಾಚಕರ ಕನ್ನಡದಂತಿರುತ್ತದೆ. "ಏನ್ ಮಾಡ್ಲತ್ತಿ", "ಎಲ್ಲಿಗಿ ಹೊಂಟಿ" ಎಂಬ ಮಾತಿನ ಏರಿಳಿತ ಅದಕ್ಕೆ ದಕ್ಕಿಲ್ಲ. ಆದರೆ ಅದೊಂದನ್ನೇ ನಂಬಿ ಕೂರಬೇಡಿ ಎಂದು ನಾನು ಎಚ್ಚರಿಸುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆಸ್ಪಿನ್ ಯೋಜನೆ ಕನ್ನಡ ಸೇರಿ ಒಂಬತ್ತು ಭಾಷೆಗಳ ಪ್ರಾದೇಶಿಕ ನುಡಿಗಳನ್ನು, ಅದರಲ್ಲೂ ಕೃಷಿ ಮತ್ತು ಹಣಕಾಸಿನ ಮಾತುಗಳನ್ನು ಸಂಗ್ರಹಿಸುವ ಕೆಲಸ ಕೈಗೊಂಡಿತು. ಜಿಲ್ಲೆ ಜಿಲ್ಲೆಯ ಮಾತನ್ನು ಕೂಡಿಸುವ ವಾಣಿ ಯೋಜನೆಯೂ ಅಲ್ಲಿಂದಲೇ ನಡೆದಿದೆ. ಇವು ಒಳ್ಳೆಯ ಕೆಲಸಗಳು. ಓದು ಬಾರದ ರೈತ ತನ್ನ ನುಡಿಯಲ್ಲೇ ಫೋನಿಗೆ ಪ್ರಶ್ನೆ ಕೇಳುವಂತಾಗಬೇಕು. ಅದರ ಅರ್ಥ, ನಾಳೆ ಯಂತ್ರ ಬೀದರ್ ಕನ್ನಡವನ್ನೂ ಆಡಬಹುದು. ಉಚ್ಚಾರವನ್ನು ಕಲಿಯುವುದು ಅದಕ್ಕೆ ಸಾಧ್ಯ. ಔರಾದಿನ ಯಾವ ಮನೆಯ ಯಾವ ಅಜ್ಜಿ ಯಾವ ಸಂಕಟದಲ್ಲಿ ಆ ಮಾತು ಆಡಿದಳು ಎಂಬುದನ್ನು ಅದು ಎಲ್ಲಿಂದ ಕಲಿಯಬೇಕು?

ಔರಾದಿನ ನುಡಿಗೆ ಇನ್ನೊಂದು ಗುಣವಿದೆ. ಒಂದು ಕಡೆ ಮಹಾರಾಷ್ಟ್ರದ ಉದಗೀರ, ದೇಗಲೂರು, ಇನ್ನೊಂದು ಕಡೆ ತೆಲಂಗಾಣ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ದಖನಿ, ತಾಂಡಾದಲ್ಲಿ ಲಂಬಾಣಿ. ಒಂದೇ ವಾಕ್ಯದೊಳಗೆ ಮೂರು ಭಾಷೆ ದಾಟಿ ಬರುವವರಿದ್ದಾರೆ. ಧ್ವನಿ ತಯಾರಿಸುವ ಸಾಧನಗಳು ಬಹುತೇಕ ಮೊದಲೇ ಒಂದು ಭಾಷೆ ಆರಿಸಿಕೊಳ್ಳಿ ಎನ್ನುತ್ತವೆ. ನಮ್ಮವರು ಕೂಡ ಅದೇ ಒತ್ತಾಯಕ್ಕೆ ಬಿದ್ದು ಅತಿಥಿಗೆ "ಶುದ್ಧ ಕನ್ನಡದಲ್ಲಿ ಹೇಳ್ರಿ" ಎನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ದಖನಿಯ ಮೊದಲ ದೀರ್ಘ ಕಾವ್ಯವೆಂದು ಹೆಸರಾದ ಕದಂ ರಾವ್ ಪದಂ ರಾವ್ 15ನೇ ಶತಮಾನದಲ್ಲಿ ಬಹಮನಿಗಳ ಬೀದರಿನಲ್ಲೇ ಹುಟ್ಟಿತು. ಭಾಷೆಗಳು ಬೆರೆಯುವುದು ಈ ನೆಲದ ಆರುನೂರು ವರ್ಷಗಳ ರೂಢಿ. ಮರಾಠಿಯಲ್ಲಿ ಅತ್ತವರ ಅಳು ಮರಾಠಿಯಲ್ಲೇ ಇರಲಿ. ನಿರೂಪಕರು ಒಂದು ಸಾಲಿನಲ್ಲಿ ಕನ್ನಡದಲ್ಲಿ ತಿಳಿಸಿದರೆ ಸಾಕು.

ಹೋಗಿ ಕೇಳುವುದು ಅರ್ಧ ಕೆಲಸ. ಇನ್ನರ್ಧ, ಆಡಿದ ಮಾತಿಗೆ ಹೊಣೆಯಾಗುವುದು. ನನ್ನ ದೃಷ್ಟಿಯಲ್ಲಿ ಇದೇ ದೊಡ್ಡದು.

2025ರ ಮಳೆಗಾಲವನ್ನು ನೆನಪಿಸಿಕೊಳ್ಳಿ. ಬೀದರ್ ಜಿಲ್ಲೆಯಲ್ಲಿ ವಿಪರೀತ ಮಳೆಯಾಯಿತು, ಮಾಂಜ್ರಾ ನದಿ ತುಂಬಿ ದಂಡೆಯ ಹೊಲಗಳಿಗೆ ನುಗ್ಗಿತು. ಉದ್ದು, ಹೆಸರು, ಸೋಯಾ ನೀರಿನಲ್ಲಿ ನಿಂತವು. ಅಂಥ ದಿನ ಭಾಲ್ಕಿ ತಾಲ್ಲೂಕಿನ ದಂಡೆಯ ರೈತನಿಗೆ ಬೇಕಾದ ಮಾಹಿತಿ ಯಾವುದು? ಮೇಲಿನ ಧನೇಗಾಂವ್ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆಯೆ, ಬಿಟ್ಟರೆ ನಮ್ಮೂರಿಗೆ ಎಷ್ಟು ಹೊತ್ತಿಗೆ ಬರುತ್ತದೆ, ಯಾವ ಸೇತುವೆ ಮುಳುಗಿದೆ, ವಿಮೆಗೆ ಯಾರಿಗೆ ಹೇಳಬೇಕು. ಫಸಲ್ ಬಿಮಾ ಯೋಜನೆಯಲ್ಲಿ ಸ್ಥಳೀಯ ವಿಕೋಪದಿಂದ ಬೆಳೆ ಹಾಳಾದರೆ 72 ಗಂಟೆಯೊಳಗೆ ತಿಳಿಸಬೇಕು ಎಂಬ ನಿಯಮವಿದೆ. ಈ 72 ಗಂಟೆ ಎಂಬ ಅಂಕಿ ಎಷ್ಟೋ ಮನೆಗಳಿಗೆ ತಲುಪುವಷ್ಟರಲ್ಲಿ 72 ಗಂಟೆಯೇ ಕಳೆದಿರುತ್ತದೆ. ಐದು ನಿಮಿಷದ ಒಂದು ಸಂಚಿಕೆ, ಊರಿನವರಿಗೆ ಪರಿಚಯವಿರುವ ಧ್ವನಿಯಲ್ಲಿ, ಅವತ್ತೇ ಸಂಜೆ ಫೋನಿಗೆ ಬಂದರೆ ಅದರ ಬೆಲೆ ದುಡ್ಡಿನಲ್ಲೇ ಎಣಿಸಬಹುದು.

ಆ ಸಂಚಿಕೆಯಲ್ಲಿ ತಪ್ಪಾದರೆ? ಯಂತ್ರ ತಪ್ಪು ಹೇಳಿದರೆ ರೈತ ಯಾರ ಮನೆ ಬಾಗಿಲಿಗೆ ಹೋಗಬೇಕು? ನಮ್ಮ ಪಾಡ್‌ಕಾಸ್ಟ್ ಹುಡುಗಿ ತಪ್ಪು ಹೇಳಿದರೆ ಮರುದಿನ ಭಾಲ್ಕಿ ಬಸ್ ನಿಲ್ದಾಣದಲ್ಲೇ ನಾಲ್ಕು ಜನ ಹಿಡಿದು ಕೇಳುತ್ತಾರೆ. ಹಾಗೆ ಕೇಳುವರೆಂಬ ಹೆದರಿಕೆಯಿಂದಲೇ ಆಕೆ ಹೇಳುವ ಮೊದಲು ಎರಡು ಫೋನ್ ಹೆಚ್ಚು ಮಾಡುತ್ತಾಳೆ, ಕೃಷಿ ಇಲಾಖೆಯವರ ಹತ್ತಿರ ಖಾತ್ರಿ ಮಾಡಿಕೊಳ್ಳುತ್ತಾಳೆ. ಕೇಳುವವರಿಗೂ ಅದು ಗೊತ್ತು. ವಿಶ್ವಾಸ ಹುಟ್ಟುವುದು ಅಲ್ಲಿಂದ. 20 ಮಂದಿ ಕೇಳಿದರೆ ಲಾಭ ಎನ್ನುವ ಆ ಸಂಸ್ಥೆಗೆ ಆ 20 ಮಂದಿ ಯಾರೆಂದು ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ನಮಗೆ 20 ಕೇಳುಗರಿದ್ದರೆ ಅವರ ಊರು ಗೊತ್ತು, ಬೆಳೆ ಗೊತ್ತು, ಯಾರ ಮನೆಯಲ್ಲಿ ಯಾರು ಆಸ್ಪತ್ರೆಯಲ್ಲಿದ್ದಾರೆ ಎಂಬುದೂ ಗೊತ್ತು.

ಕಲಬುರಗಿ ಆಕಾಶವಾಣಿ 1966ರಲ್ಲಿ ಶುರುವಾದ ಮೇಲೆ ನಮ್ಮ ಭಾಗದ ಮನೆಗಳಲ್ಲಿ ರೇಡಿಯೊ ಮನೆಯವರಂತಾಯಿತು. ಅದರಲ್ಲಿ ಕೇಳುಗರ ಪತ್ರಗಳ ಪಾಲು ದೊಡ್ಡದು. ಪತ್ರ ಬರೆದವರ ಹೆಸರು, ಊರು, ತಾಲ್ಲೂಕು ಓದಿ, ಅವರು ಎತ್ತಿದ ತಕರಾರಿಗೆ ಅಲ್ಲೇ ಉತ್ತರ ಕೊಡುವ ಪದ್ಧತಿ. ತನ್ನ ಹೆಸರು ಗಾಳಿಯಲ್ಲಿ ಬಂದದ್ದನ್ನು ಕೇಳಿದ ಹಳ್ಳಿಯ ಮನುಷ್ಯ ಆ ಕೇಂದ್ರವನ್ನು ಜನ್ಮವಿಡೀ ಬಿಡುತ್ತಿರಲಿಲ್ಲ. ಪಾಡ್‌ಕಾಸ್ಟ್ ಮಾಡುವವರು ಇದನ್ನು ಹಾಗೇ ಎತ್ತಿಕೊಳ್ಳಬಹುದು. ಕೇಳುಗರು ಕಳಿಸಿದ ಧ್ವನಿ ಸಂದೇಶವನ್ನು ಮುಂದಿನ ಸಂಚಿಕೆಯ ಮೊದಲಿಗೇ ಕೇಳಿಸಿ. ತಪ್ಪು ತೋರಿಸಿದ ಸಂದೇಶವಿದ್ದರೆ ಅದಕ್ಕೆ ಮೊದಲ ಜಾಗ ಕೊಡಿ. ತಿದ್ದುಪಡಿಯನ್ನು ಸಂಚಿಕೆಯ ಕೊನೆಗೆ ತಳ್ಳುವವರನ್ನು ನಾನು ನಂಬುವುದಿಲ್ಲ. 2018ರಿಂದ ಕನ್ನಡದಲ್ಲಿ ಬಂದ ತಲೆ-ಹರಟೆ ಪಾಡ್‌ಕಾಸ್ಟನ್ನು ಕೇಳಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ: ಅಲ್ಲಿ ಮಾತಾಡುವವರ ಪರಸ್ಪರ ಸಲುಗೆ, ಒಬ್ಬರನ್ನೊಬ್ಬರು ತಡೆದು ಕೇಳುವ ರೀತಿಯೇ ನಮ್ಮನ್ನು ಹಿಡಿದಿಡುತ್ತದೆ.

ತಂತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ದುಬಾರಿ ಮೈಕು ಬೇಡ. ಫ್ಯಾನ್ ಆರಿಸಿ, ಮೈಕನ್ನು ಬಾಯಿಂದ ಒಂದು ಗೇಣಿನೊಳಗೆ ಇಡಿ, ಹೊಲದಲ್ಲಾದರೆ ಗಾಳಿಗೆ ಬೆನ್ನು ಕೊಟ್ಟು ನಿಲ್ಲಿಸಿ. ಮಾತು ಮುಗಿದ ಮೇಲೆ ಯಾರೂ ಮಾತಾಡದೆ ಅರ್ಧ ನಿಮಿಷ ಆ ಜಾಗದ ಸದ್ದನ್ನು ಹಾಗೇ ಮುದ್ರಿಸಿ, ಜೋಡಿಸುವಾಗ ಬೇಕಾಗುತ್ತದೆ. ಸಂಚಿಕೆ ನಿಮ್ಮದೇ ಆರ್‌ಎಸ್‌ಎಸ್ ಫೀಡ್‌ನಲ್ಲಿ, ಅಂದರೆ ಎಲ್ಲ ಪಾಡ್‌ಕಾಸ್ಟ್ ಆ್ಯಪ್‌ಗಳೂ ಎತ್ತಿಕೊಳ್ಳುವ ಕೊಂಡಿಯಲ್ಲಿ ಇರಲಿ. ಒಂದು ಆ್ಯಪ್ ಮುಚ್ಚಿದರೆ ಕೇಳುಗರು ಇನ್ನೊಂದರಲ್ಲಿ ಹುಡುಕಿಕೊಳ್ಳುತ್ತಾರೆ. ಗದ್ದಲ ತೆಗೆಯಲು, ಮಾತನ್ನು ಅಕ್ಷರಕ್ಕೆ ಇಳಿಸಲು ಎಐ ಬಳಸಿದರೆ ಪಾಪವೇನೂ ಇಲ್ಲ, ಆದರೆ ಇಳಿಸಿದ್ದನ್ನು ಕೂತು ತಿದ್ದಬೇಕು, ಯಾಕೆಂದರೆ ನಮ್ಮ ಊರ ಹೆಸರುಗಳನ್ನು ಅದು ಬಾಯಿಗೆ ಬಂದಂತೆ ಬರೆಯುತ್ತದೆ. ಧ್ವನಿಗೆ ಮಾತ್ರ ಬಳಸಬೇಡಿ. ಬಳಸಿದ ದಿನ ಬಾಯಿಬಿಟ್ಟು ಹೇಳಿ. ಕೃತಕವಾಗಿ ತಯಾರಿಸಿದ ಧ್ವನಿ ಮತ್ತು ಚಿತ್ರಕ್ಕೆ ಗುರುತು ಹಾಕಬೇಕೆಂದು ಕೇಂದ್ರ ಸರ್ಕಾರವೂ ಐಟಿ ನಿಯಮಗಳನ್ನು 2026ರ ಫೆಬ್ರುವರಿಯಲ್ಲಿ ತಿದ್ದಿದೆ. ಯೂಟ್ಯೂಬ್ ಕೂಡ 2025ರ ಜುಲೈ 15ರಿಂದ, ರಾಶಿ ರಾಶಿಯಾಗಿ ಅಚ್ಚು ಹೊಡೆದಂತಹ ವಿಡಿಯೊಗಳಿಗೆ ಹಣ ಕೊಡುವುದಿಲ್ಲ ಎಂಬ ತನ್ನ ನಿಯಮವನ್ನು ಬಿಗಿಯಾಗಿ ಹೇಳಿದೆ.

ಒಪ್ಪಿಗೆಯ ವಿಷಯವನ್ನು ಮಾತ್ರ ಬೇಗ ಮುಗಿಸಲಾರೆ. ಒಬ್ಬರ ಧ್ವನಿಯ ಕೆಲವು ಸೆಕೆಂಡುಗಳ ಮಾದರಿ ಸಿಕ್ಕರೆ ಸಾಕು, ಅದೇ ಧ್ವನಿಯಲ್ಲಿ ಅವರು ಆಡದ ಮಾತನ್ನು ಆಡಿಸುವ ಸಾಧನಗಳು ಬಂದಿವೆ. ಹಾಗಿರುವಾಗ ಹಳ್ಳಿಯ ಅಜ್ಜಿಯ ಒಂದು ಗಂಟೆಯ ಮಾತನ್ನು ಜಗತ್ತಿಗೆ ತೆರೆದಿಡುವವರು ಆಕೆಗೆ, ಆಕೆಯ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕು. "ರೆಕಾರ್ಡ್ ಮಾಡ್ಲ್ಯಾ?" ಎಂದು ಕೇಳಿ ತಲೆಯಾಡಿಸಿದರೆ ಒಪ್ಪಿಗೆ ಆಗುವುದಿಲ್ಲ. ಮುದ್ರಿಸಿದ್ದನ್ನು ಆಕೆಗೆ ಮೊದಲು ಕೇಳಿಸಿ. ಬೇಡ ಎಂದ ಭಾಗವನ್ನು ಅಳಿಸಿ. ಆ ಮನೆಯಲ್ಲಿ ಒಂದು ಪ್ರತಿ ಬಿಟ್ಟು ಬನ್ನಿ.

ಎಲ್ಲಿಂದ ಶುರು ಮಾಡಲಿ ಎಂದು ಕೇಳಿದವರಿಗೆ ನಾನು ಭಾಲ್ಕಿಯ ಕಡೆ ಕೈ ತೋರುತ್ತೇನೆ. ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿ ಆಡಳಿತವೂ ಶಾಲೆಯೂ ಉರ್ದುವಿನಲ್ಲಿದ್ದ ಕಾಲ. ಕಮಲನಗರದಲ್ಲಿ ಹುಟ್ಟಿದ, ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು ಎಂಬುದನ್ನು ಈ ಭಾಗದಲ್ಲಿ ತಿಳಿಯದವರಿಲ್ಲ. ಮಠದಲ್ಲಿ ಜಾತಿ ನೋಡದೆ ಮಕ್ಕಳನ್ನು ಇಟ್ಟುಕೊಂಡು ಓದಿಸಿದರು. ನೂರು ದಾಟಿ ಬದುಕಿ 1999ರಲ್ಲಿ ಲಿಂಗೈಕ್ಯರಾದರು. ಫಲಕದ ಈ ಕತೆಯನ್ನು ಯಂತ್ರವೂ ಹೇಳುತ್ತದೆ. ಒಳಗೆ ಕುಳಿತು ಪಾಠ ಕೇಳಿದ ಹುಡುಗನಿಗೆ ಏನನ್ನಿಸಿತು, ಮೇಲಧಿಕಾರಿ ಬಂದ ದಿನ ಪಾಟಿ ಎಲ್ಲಿ ಬಚ್ಚಿಟ್ಟ, ಮನೆಯಲ್ಲಿ ಏನು ಹೇಳಿದ, ಊಟಕ್ಕೆ ಏನಿತ್ತು, ಇದನ್ನು ಹೇಳಬಲ್ಲವರು ಆ ಹುಡುಗರು ಮಾತ್ರ. ನಿಜಾಮರ ಆಳ್ವಿಕೆ ಮುಗಿದ 1948ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಹತ್ತಿರ ಇದ್ದಾರೆ.

1948ರ ಮಾತು ತೆಗೆಯುವಾಗ ಹೆಚ್ಚು ಜೋಪಾನ ಬೇಕು. ನಿಜಾಮರ ಪರ ನಿಂತ ಸಶಸ್ತ್ರ ಪಡೆ ರಜಾಕಾರರ ಕಾಲದಲ್ಲಿ ನೊಂದವರಿದ್ದಾರೆ. ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಆ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯ ನಂತರ ನೊಂದವರೂ ಇದ್ದಾರೆ. ಆ ನಂತರದ ಹಿಂಸೆಯನ್ನು ವಿಚಾರಿಸಲು ಬಂದ ಪಂಡಿತ ಸುಂದರಲಾಲ್ ಸಮಿತಿ ಅತಿ ಹೆಚ್ಚು ಹಾನಿಯಾದ ಜಿಲ್ಲೆಗಳೆಂದು ಹೆಸರಿಸಿದ ನಾಲ್ಕರಲ್ಲಿ ಬೀದರ್ ಒಂದು. ಯಂತ್ರಕ್ಕೆ ಅಂತರ್ಜಾಲದಲ್ಲಿ ಯಾರ ಕೂಗು ಜೋರಾಗಿದೆಯೋ ಅದೇ ಇತಿಹಾಸವಾಗಿ ಕಾಣುವ ಅಪಾಯ ಇದೆ. ಇಲ್ಲಿನ ಹುಡುಗ ಹುಡುಗಿಯರು ಎರಡೂ ಓಣಿಗಳಿಗೆ ಹೋಗಬಲ್ಲರು, ಎರಡೂ ಮನೆಗಳಲ್ಲಿ ಚಹಾ ಕುಡಿದು ಎರಡೂ ಕಡೆಯ ಮುದುಕರ ಮಾತು ಕೇಳಬಲ್ಲರು. ಯಾರು ಯಾರಿಗೆ ಆ ದಿನಗಳಲ್ಲಿ ಮನೆಯೊಳಗೆ ಜಾಗ ಕೊಟ್ಟರು ಎಂಬ ಪ್ರಶ್ನೆಯನ್ನು ಮರೆಯದೆ ಕೇಳಿ. ಈ ಸೀಮೆಯ ಮೊಹರಮ್ ಅಲಾವಿಯ, ಅಂದರೆ ಬೆಂಕಿಯ ಕುಂಡದ ಮುಂದೆ ಕನ್ನಡದ ರಿವಾಯತ್ ಪದ ಹಾಡುವ ಹಿರಿಯರನ್ನೂ, ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಭಜ್ಜಿ, ಅಂಬಲಿ ಬಡಿಸುವ ತಾಯಂದಿರನ್ನೂ ಅದೇ ಓಡಾಟದಲ್ಲಿ ಮಾತಾಡಿಸಬಹುದು.

ಹಾಗಾಗಿ ಮೊದಲ ಸಂಚಿಕೆಗೆ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಊರಿನಲ್ಲಿ, ನೆರೆಯ ಎರಡು ಊರುಗಳಲ್ಲಿ ಎಂಬತ್ತು ದಾಟಿದವರ ಹೆಸರು ಬರೆಯಿರಿ. ಕಿವಿ ಮಂದವಾದವರಿಗೆ, ಆರೋಗ್ಯ ಕೆಟ್ಟವರಿಗೆ ಮೊದಲ ಸರದಿ. ಬೆಳಗಿನ ಹೊತ್ತು ಹೋಗಿ, ದಣಿವು ಕಡಿಮೆ ಇರುತ್ತದೆ. ಮುದ್ರಿಸಿದ ಪ್ರತಿ ಕಡತಕ್ಕೂ ಹೆಸರು, ಊರು, ದಿನಾಂಕ ಹಾಕಿ. ಕತ್ತರಿಸದ ಮೂಲ ಪ್ರತಿಯನ್ನು ಎರಡು ಬೇರೆ ಕಡೆ ಇಡಿ, ಒಂದನ್ನು ಹತ್ತಿರದ ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ. ಭಾಲ್ಕಿ, ಕಮಲನಗರ ಎರಡೂ ಒಂದೇ ರೈಲು ದಾರಿಯ ಮೇಲಿವೆ, ಬೀದರಿನಿಂದ ಬೆಳಿಗ್ಗೆ ಹೊರಟವರು ಸಂಜೆಯೊಳಗೆ ಎರಡು ಮನೆ ಮುಗಿಸಿ ಬರಬಹುದು. ಔರಾದಿಗೆ ಬಸ್ಸಿದೆ.